ಹಳೆ ಡೊಮೈನ್‌ನ ಯಾವ ಲಿಂಕ್ ಒತ್ತಿದರೂ ಹೊಸ ಸೈಟಿನ ಹೋಮ್ ಪೇಜೇ ಬರುತ್ತಿದೆ, ಏನು ಮಾಡಲಿ?

ಮಲ್ಪೆಯ ನಿಮ್ಮ ಹೋಮ್‌ಸ್ಟೇ ಸೈಟನ್ನು ಡಾಟ್ ಕಾಮ್‌ನಿಂದ ಡಾಟ್ ಇನ್‌ಗೆ ತಂದಿದ್ದೀರಿ, ಈಗ ಒಳಗಿನ ಪುಟಗಳು ಸಿಗುತ್ತಿಲ್ಲ, ಅಲ್ವಾ? ಬಹುಶಃ ಡೊಮೈನ್ ಖರೀದಿಸಿದ ಕಡೆಯೇ ಫಾರ್ವರ್ಡಿಂಗ್ (ಹಳೆ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವುದು, ಅಂದರೆ ರಿಡೈರೆಕ್ಟ್) ಆನ್ ಮಾಡಿದ್ದೀರಿ. ಎಷ್ಟೋ ಕಡೆ ಅದು ಡೊಮೈನ್ ಹೆಸರಿನ ನಂತರ ಬರುವುದನ್ನೆಲ್ಲ ಬಿಟ್ಟುಬಿಡುತ್ತದೆ.

ಮಂಗಳೂರಿನಲ್ಲಿ ಸಣ್ಣ ಅಂಗಡಿ, ಹೋಟೆಲ್‌ಗಳ ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಇದು ಸುಮ್ನೆ ಬಿಡುವ ವಿಷಯ ಅಲ್ಲ ಮಾರಾಯ್ರೇ. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇದೆಯಾ ಎಂದು ಹುಡುಕಿ ಬಂದವರ ಎದುರು ನಿಮ್ಮ ರೂಮಿನ ಫೋಟೋ ತೆರೆದುಕೊಂಡರೆ ಅವರು ಹಾಗೇ ವಾಪಸ್ ಹೋಗುತ್ತಾರೆ. ಗೂಗಲ್ ಕೂಡ ಇಂಥ ರಿಡೈರೆಕ್ಟನ್ನು 'ಸಾಫ್ಟ್ 404' ಎಂದು ಲೆಕ್ಕ ಹಾಕಬಹುದು. ಎಂದರೆ, ಪುಟ ಇಲ್ಲವೇ ಇಲ್ಲ ಎಂದ ಹಾಗೆ.

ಫಾರ್ವರ್ಡಿಂಗ್ ತೆಗೆದು ಹಳೆ ಡೊಮೈನನ್ನು ಹೋಸ್ಟಿಂಗ್‌ಗೆ (ಸೈಟಿನ ಫೈಲುಗಳಿರುವ ಸರ್ವರ್‌ಗೆ) ಜೋಡಿಸಿ. ಪುಟಗಳ ಹೆಸರು ಬದಲಾಗದಿದ್ದರೆ ಒಂದೇ ಸಾಲಿನ ಕೆಲಸ: ಸರ್ವರ್‌ನ ಸಾಫ್ಟ್‌ವೇರ್ ಅಪಾಚೆ ಆದರೆ ಎಚ್‌ಟಿಆಕ್ಸೆಸ್ (.htaccess) ಫೈಲಿನಲ್ಲಿ, ಎಂಜಿನ್‌ಎಕ್ಸ್ (Nginx) ಆದರೆ ಅದರ ಕಾನ್ಫಿಗ್ ಫೈಲಿನಲ್ಲಿ. ಡೊಮೈನ್ ಮಾತ್ರ ಬದಲಾಗಿ ಉಳಿದ ವಿಳಾಸ ಹಾಗೇ ಹೋಗಬೇಕು. ಅಪಾಚೆಯಲ್ಲಿ ಹೊಸ ವಿಳಾಸದ ಕೊನೆಯ ಸ್ಲ್ಯಾಶ್ ಮರೆತರೆ 'ಡಾಟ್ ಇನ್'ಗೆ ಪುಟದ ಹೆಸರು ಅಂಟಿಕೊಂಡು 'ಡಾಟ್ ಇನ್‌ಬೋಟ್' ಎಂಬ ಇಲ್ಲದ ಡೊಮೈನ್ ಆಗುತ್ತದೆ. ಇದನ್ನು ತುಂಬಾ ಸಲ ನೋಡಿದ್ದೇನೆ. ಪುಟದ ಹೆಸರೂ ಬದಲಾಗಿದ್ದರೆ ಎಕ್ಸೆಲ್‌ನಲ್ಲಿ ಹಳೆಯದು, ಹೊಸದು ಎಂದು ಜೋಡಿ ಬರೆದು ಒಂದೊಂದಕ್ಕೂ ಸಾಲು ಹಾಕಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ರಿಡೈರೆಕ್ಟಿನ ಕೋಡ್ ಕೊನೆಗೆ 301 ಇರಲಿ, ಅದು ಶಾಶ್ವತ ಬದಲಾವಣೆಗೆ. 302 ಎಂದರೆ ತಾತ್ಕಾಲಿಕ. ಆದರೆ ಬ್ರೌಸರ್‌ಗಳು 301 ಅನ್ನು, ಅದರಲ್ಲಿ ತಪ್ಪಿದ್ದರೂ, ನೆನಪಿಟ್ಟುಕೊಳ್ಳುತ್ತವೆ. ಹಾಗಾಗಿ ಮೊದಲು 302 ಹಾಕಿ ಪರೀಕ್ಷಿಸಿ, ಸರಿ ಕಂಡ ಮೇಲೆ 301 ಮಾಡಿ.

ಜಾಸ್ತಿ ಜನ ಎಡವುವುದು ಎಸ್‌ಎಸ್‌ಎಲ್‌ನಲ್ಲಿ, ಅಂದರೆ ಸೈಟಿನ ಸಂಪರ್ಕ ಸುರಕ್ಷಿತ ಎಂದು ತೋರಿಸುವ ಸರ್ಟಿಫಿಕೇಟ್‌ನಲ್ಲಿ. ಹಳೆ ಡೊಮೈನ್‌ಗೂ ಸರ್ಟಿಫಿಕೇಟ್ ಬೇಕು. ಎಚ್‌ಟಿಟಿಪಿಎಸ್ ಲಿಂಕ್ ಒತ್ತಿದಾಗ ಬ್ರೌಸರ್ ಮೊದಲು ಸರ್ಟಿಫಿಕೇಟ್ ನೋಡುತ್ತದೆ, ರಿಡೈರೆಕ್ಟ್ ಆಮೇಲೆ. ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದ್ದರೆ ಎಚ್ಚರಿಕೆ ಪುಟ ಬಂದು ಅಲ್ಲೇ ನಿಲ್ಲುತ್ತದೆ.

ಇಷ್ಟಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಟೂಲ್) ಎರಡೂ ಡೊಮೈನ್ ವೆರಿಫೈ ಮಾಡಿ, 'ಚೇಂಜ್ ಆಫ್ ಅಡ್ರೆಸ್' (ಸೈಟ್ ಸ್ಥಳಾಂತರದ ಸೂಚನೆ) ಕೊಡಿ. ಅದು 180 ದಿನ ಇರುತ್ತದೆ. ರಿಡೈರೆಕ್ಟನ್ನು ಕನಿಷ್ಠ 1 ವರ್ಷ ಇಡಿ ಎನ್ನುತ್ತದೆ ಗೂಗಲ್. ನನ್ನನ್ನು ಕೇಳಿದರೆ, ಹಳೆ ಡೊಮೈನ್ ರಿನ್ಯೂ ಮಾಡುವುದನ್ನು ನಿಲ್ಲಿಸಲೇಬೇಡಿ. ವಿಸಿಟಿಂಗ್ ಕಾರ್ಡಿನಲ್ಲಿ, ರಿಕ್ಷಾದ ಹಿಂದೆ, ಬೀಚ್ ರಸ್ತೆಯ ಬೋರ್ಡಿನಲ್ಲಿ ಅದೇ ಇರುತ್ತದೆ. ನೀವು ಬಿಟ್ಟರೆ ಬೇರೆ ಯಾರಾದರೂ ತೆಗೆದುಕೊಂಡು ಬೇಡದ್ದನ್ನೆಲ್ಲ ಹಾಕಬಹುದು.

ಬುಕಿಂಗ್ ಮೇಲ್‌ಗಳು ಹಳೆ ಡೊಮೈನ್‌ನ ಐಡಿಗೇ ಬರುತ್ತಿದ್ದರೆ ಡೊಮೈನ್‌ನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಎಂಎಕ್ಸ್ ಸಾಲನ್ನು (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವುದು) ಮುಟ್ಟಬೇಡಿ. ಈ ರಿಡೈರೆಕ್ಟ್ ವೆಬ್ ಪುಟಗಳಿಗೆ ಮಾತ್ರ, ಮೇಲ್ ಅದರ ಹಿಂದೆ ಹೋಗುವುದಿಲ್ಲ.