ಟ್ರೇಲರ್ ಹತ್ತಿರ ಹೋಗಿ ನಿಂತುಕೊಳ್ಳಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಇಂಡಿಯಾನಾಪೊಲಿಸ್‌ಗೆ ಬಂದು ಎರಡು ತಿಂಗಳಾಯಿತು, ಪಕ್ಕದ ಮನೆಯವರು ಕೈ ಬೀಸಿ ಒಳಗೆ ಹೋಗಿಬಿಡುತ್ತಾರೆ, ಮಾತಾಡಿಸಲು ಒಬ್ಬರಿಲ್ಲ ಎಂದು ಬರೆದಿದ್ದೀರಿ. ಅದರ ಮಧ್ಯೆ ಕ್ಲಾರಿನೆಟ್ ಕಲಿತ ಮಗಳು ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ದುಡ್ಡು ಕೇಳುತ್ತಾರೆ, ಶನಿವಾರವೆಲ್ಲ ಹೋಗುತ್ತದೆ, ಓದು ಕೆಡುತ್ತದೆ, ಇದರಿಂದ ಏನು ಲಾಭ ಅಣ್ಣಾ, ಎಂದು ಕೇಳಿದ್ದೀರಿ. ಅಣ್ಣ ಎಂದಿರಲ್ಲ, ಸುತ್ತಿ ಬಳಸಿ ಹೇಳುವುದಿಲ್ಲ. ಸೇರಿಸಿ. ಮಗಳಿಗಾಗಿ ಅಲ್ಲದಿದ್ದರೂ ನಿಮಗಾಗಿ ಸೇರಿಸಿ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಫೀಸು ಶಾಲೆಯಿಂದ ಶಾಲೆಗೆ ಬೇರೆ. ನಾವು 2013ರಲ್ಲಿ ಮಗನಿಗೆ 900 ಡಾಲರ್ ಕಟ್ಟಿದೆವು. ಕಂತಿನಲ್ಲಿ ಕಟ್ಟಬಹುದು, ಕೇಳಲು ನಾಚಿಕೆ ಬೇಡ. ಜುಲೈ ಕೊನೆಯಲ್ಲಿ ಬ್ಯಾಂಡ್ ಕ್ಯಾಂಪ್. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಶನಿವಾರ ನಿಮ್ಮದಲ್ಲ. ಗಣೇಶನ ಹಬ್ಬಕ್ಕೂ ಸ್ಪರ್ಧೆಗೂ ಡಿಕ್ಕಿ ಹೊಡೆಯುತ್ತದೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಹೊಡೆಯುತ್ತದೆ, ಏಕೆಂದರೆ ದೇಶದ ದೊಡ್ಡ ಹೈಸ್ಕೂಲ್ ಬ್ಯಾಂಡ್ ಸ್ಪರ್ಧೆ ನವೆಂಬರಿನಲ್ಲಿ ನಮ್ಮೂರಿನ ಲೂಕಸ್ ಆಯಿಲ್ ಸ್ಟೇಡಿಯಮ್ಮಿನಲ್ಲೇ ನಡೆಯುತ್ತದೆ. ಕೂಟದಲ್ಲಿ ನಾಲ್ಕು ವರ್ಷ ನಮ್ಮನ್ನು 'ಬ್ಯಾಂಡಿನವರು' ಎಂದು ಆಡಿಕೊಂಡರು. ಓದಿನ ವಿಷಯ ಹೇಳಬೇಕೆಂದರೆ, ನಮ್ಮ ಮಗ ಜಾಸ್ತಿ ಓದಿದ್ದು ಬಸ್ಸಿನಲ್ಲೇ.

ನಾನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವನು. ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು, ಇಲ್ಲವೇ ಮೈಸೂರು ದಸರಾದಲ್ಲಿ ಹೋಗುವ ಪೊಲೀಸ್ ಬ್ಯಾಂಡು ಎಂದುಕೊಂಡಿದ್ದೆ. ಇದು ಬೇರೆಯೇ. ಮಕ್ಕಳು ವಾದ್ಯ ನುಡಿಸುತ್ತಲೇ ಮೈದಾನದಲ್ಲಿ ನಡೆದು ಆಕಾರ ಕಟ್ಟುತ್ತಾರೆ. ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಬಿಳಿ ಗೆರೆ ಇರುತ್ತದೆ. ಆ ಐದು ಗಜವನ್ನು ಮಕ್ಕಳು ಸರಿಯಾಗಿ ಎಂಟು ಹೆಜ್ಜೆಯಲ್ಲಿ ದಾಟಬೇಕು. ಅಂದರೆ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು, ಕುಳ್ಳಗಿರಲಿ ಉದ್ದಗಿರಲಿ. ಪ್ರದರ್ಶನದ ಪ್ರತಿ ಕ್ಷಣಕ್ಕೂ ಪ್ರತಿಯೊಬ್ಬರಿಗೂ ಮೈದಾನದಲ್ಲಿ ಒಂದು ಚುಕ್ಕೆ ಇರುತ್ತದೆ. ಅದಕ್ಕೆ 'ಡಾಟ್' ಅನ್ನುತ್ತಾರೆ. ಒಬ್ಬರು ಬರದಿದ್ದರೆ ಪಕ್ಕದವರು ಸರಿದು ಜಾಗ ತುಂಬುವ ಹಾಗಿಲ್ಲ. ಆ ಜಾಗ ಹಾಗೇ ಖಾಲಿ ಇರುತ್ತದೆ, ಮೇಲೆ ಕೂತವರಿಗೆಲ್ಲ ಕಾಣುತ್ತದೆ. ನೆಗಡಿ ಆಗಿದೆ ಎಂದು ಮಗಳು ಮನೆಯಲ್ಲಿ ಉಳಿದ ದಿನ ಅವಳಿಗಿಂತ ಜಾಸ್ತಿ ನೀವೇ ಚಡಪಡಿಸುತ್ತೀರಿ, ನೋಡಿ.

ಈಗ ನಿಮ್ಮ ಇನ್ನೊಂದು ಪ್ರಶ್ನೆ. ಇಲ್ಲಿ ಜನ ಹೇಗೆ ಸಿಗುತ್ತಾರೆ?

ನಾನು 2004ರಲ್ಲಿ ಬಂದೆ. ಒಂಬತ್ತು ವರ್ಷ ನನಗೂ ನಿಮ್ಮದೇ ಸ್ಥಿತಿ. ಊರಲ್ಲಿ ಜಗಲಿ ಮೇಲೆ ಕೂತರೆ ಸಾಕು, ಜನ ತಾವಾಗಿ ಬಂದು ಕೂರುತ್ತಾರೆ. ಇಲ್ಲಿ ಸುಮ್ನೆ ಕೂತರೆ ಯಾರೂ ಬರುವುದಿಲ್ಲ. ಇಲ್ಲಿಯವರಿಗೆ ಕೈಯಲ್ಲಿ ಒಂದು ಕೆಲಸ ಇದ್ದಾಗ ಮಾತ್ರ ಬಾಯಿ ಬಿಡುತ್ತದೆ. ಇದು ನಾನು ಕಂಡುಕೊಂಡದ್ದು. ಬ್ಯಾಂಡಿನಲ್ಲಿ ಕೆಲಸಕ್ಕೆ ಬರವಿಲ್ಲ. ಸಮವಸ್ತ್ರಕ್ಕೆ ಗುಂಡಿ ಹೊಲಿಯಬೇಕು, ಇನ್ನೂರು ಮಕ್ಕಳಿಗೆ ಊಟ ಬಡಿಸಬೇಕು, ಫುಟ್‌ಬಾಲ್ ಆಟದ ದಿನ ಅಂಗಡಿ ಇಟ್ಟು ನಾಚೋಸ್ ಮಾರಬೇಕು. ಮೈದಾನದ ಮುಂಭಾಗದಲ್ಲಿ ನಿಲ್ಲುವ ಮರಿಂಬಾ, ವೈಬ್ರಾಫೋನು ಎಂದರೆ ಸಾಲಾಗಿ ಜೋಡಿಸಿದ ಪಟ್ಟಿಗಳನ್ನು, ಅಂದರೆ ಕೀಗಳನ್ನು, ಕೋಲಿನಿಂದ ಬಾರಿಸುವ ದೊಡ್ಡ ವಾದ್ಯಗಳು. ಅವಕ್ಕೆ ಚಕ್ರ ಇರುತ್ತದೆ. ಅವನ್ನು ಸಾಮಾನು ಸಾಗಿಸುವ ಟ್ರೇಲರಿನಿಂದ ಇಳಿಸಿ, ತಳ್ಳಿಕೊಂಡು ಹೋಗಿ, ಕೆಲವೇ ನಿಮಿಷದಲ್ಲಿ ಜೋಡಿಸಿ, ಮುಗಿದ ಕೂಡಲೇ ಖಾಲಿ ಮಾಡಬೇಕು. ತಡವಾದರೆ ಮಕ್ಕಳ ಅಂಕ ಕಡಿತ. ಈ ಕೂಲಿ ಕೆಲಸಕ್ಕೆ ಅಪ್ಪಂದಿರ ಒಂದು ಪಡೆ ಇರುತ್ತದೆ. ಒಂದು ಸಂಜೆ ಮಗನನ್ನು ಕರೆತರಲು ಹೋಗಿದ್ದೆ. ಟ್ರೇಲರಿನೊಳಗಿಂದ ಒಬ್ಬರು ನನ್ನ ಕಡೆ ನೋಡಿ, "ನೀವು ಬಲಗಡೆ ಹಿಡಿಯಿರಿ" ಎಂದರು. ಹೆಸರು ಕೇಳಲಿಲ್ಲ, ಯಾವ ದೇಶ ಎಂದು ಕೇಳಲಿಲ್ಲ. ನಾನು ಬಲಗಡೆ ಹಿಡಿದೆ. ಒಂಬತ್ತು ವರ್ಷ ಬಿಡಲಿಲ್ಲ.

ಅವರು ಅರವತ್ತು ದಾಟಿದ ನಿವೃತ್ತ ಲಾರಿ ಡ್ರೈವರ್. ಅವರ ಕಡೆಯ ಮಗಳು ಬ್ಯಾಂಡ್ ಬಿಟ್ಟು ಹತ್ತು ವರ್ಷವಾಗಿತ್ತು. ಆದರೂ ಟ್ರೇಲರ್ ಓಡಿಸಲು ಬರುತ್ತಿದ್ದರು. ಟ್ರೇಲರಿನ ಗೋಡೆಯ ಮೇಲೆಲ್ಲ ಅಂಟುಪಟ್ಟಿ ಹಚ್ಚಿ, ದಪ್ಪ ಮಾರ್ಕರಿನಲ್ಲಿ ಯಾವ ಸಾಮಾನು ಎಲ್ಲಿ ಎಂದು ಬರೆದಿದ್ದರು. ದೊಡ್ಡ ಮರಿಂಬಾದ ಮೇಲೆ 'ಕೀ ಹಿಡಿದು ಎತ್ತಬೇಡಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಎರಡನೇ ಗೆರೆ ನಾನು ಮೊದಲ ವಾರ ಮಾಡಿದ ಎಡವಟ್ಟಿನ ನೆನಪಿಗೆ.

2015ರ ಅಕ್ಟೋಬರ್. ಒಂದು ಶುಕ್ರವಾರ ರಾತ್ರಿ ಆಟ ಮುಗಿದು ಸಾಮಾನು ತುಂಬುತ್ತಿದ್ದೆವು. ಊರಿಂದ ತಮ್ಮನ ಫೋನ್ ಬಂತು. ಅಪ್ಪ ಹೋದರು. ಅಲ್ಲಿ ಆಗ ಶನಿವಾರ ಬೆಳಗ್ಗೆ. ಸಂಜೆಗೆ ಮಣ್ಣು ಮಾಡುತ್ತಾರೆ, ಕಾಯುವುದಿಲ್ಲ. ನಾನು ಪಾರ್ಕಿಂಗ್ ಲಾಟಿನಲ್ಲಿ ಹಾಗೇ ಕೂತುಬಿಟ್ಟೆ. ಯಾರೋ ಟಿಕೆಟ್ ಹುಡುಕಿದರು. ಬೆಳಗ್ಗೆ ಷಿಕಾಗೋದಿಂದ ಸಿಕ್ಕಿತು. ಆ ಡ್ರೈವರ್ ರಾತ್ರೋರಾತ್ರಿ ಮೂರೂವರೆ ಗಂಟೆ ಕಾರು ಓಡಿಸಿ ನನ್ನನ್ನು ಅಲ್ಲಿಯ ವಿಮಾನ ನಿಲ್ದಾಣ ಓಹೇರ್‌ಗೆ ಬಿಟ್ಟು ಬಂದರು. ದಾರಿಯಲ್ಲಿ ಅವರು ಸಮಾಧಾನ ಹೇಳಲಿಲ್ಲ. ಅಪ್ಪ ಏನು ಬೆಳೆಯುತ್ತಿದ್ದರು ಎಂದು ಕೇಳಿದರು. ರಾಗಿ, ತೆಂಗು ಎಂದೆ. ರಾಗಿ ಹೇಗಿರುತ್ತದೆ ಎಂದು ಕೇಳಿದರು. ಲಫಾಯೆಟ್ ದಾಟುವವರೆಗೂ ರಾಗಿಯ ಬಗ್ಗೆಯೇ ಮಾತಾಡಿದೆ.

ಅಪ್ಪನ ಮಣ್ಣಿಗೆ ಸಿಗಲಿಲ್ಲ. ಹಾಲುತುಪ್ಪಕ್ಕೆ ಸಿಕ್ಕಿದೆ.

ಮುಂದಿನ ಶನಿವಾರ ಇಲ್ಲಿ ರಾಜ್ಯ ಮಟ್ಟದ ಸ್ಪರ್ಧೆ. ಮಗ ಸ್ನೇರ್ ಡ್ರಮ್ ಬಾರಿಸುತ್ತಿದ್ದ. ತಿಥಿ ಇನ್ನೂ ಆಗಿಲ್ಲ, ಸೂತಕದಲ್ಲಿ ಮೊಮ್ಮಗ ಡೋಲು ಬಡಿಯುವುದು ಸರಿಯೇ ಎಂದು ಚಿಕ್ಕಮ್ಮ ಜೋರು ಮಾಡಿದರು. ಅಪ್ಪನ ಹೆಣದ ಮುಂದೆ ಕೇರಿಯವರು ಹೊಲದವರೆಗೂ ತಮಟೆ ಬಡಿದುಕೊಂಡು ಹೋಗಿದ್ದರು. ಅದು ಸರಿಯಾದರೆ ಇದೂ ಸರಿ ಎಂದೆ. ಹುಡುಗ ಬಾರಿಸಿದ. ಚಿಕ್ಕಮ್ಮ ಇವತ್ತಿಗೂ ಒಪ್ಪಿಲ್ಲ.

ತಿರುಗಿ ಬಂದಾಗ ಅಂಗಳದ ಎಲೆಯೆಲ್ಲ ಯಾರೋ ಗುಡಿಸಿ ಚೀಲಕ್ಕೆ ತುಂಬಿದ್ದರು. ಎರಡು ವಾರ ಸರದಿಯಂತೆ ಊಟ ಬಂದಿತ್ತು. ಫ್ರೀಜರಿನಲ್ಲಿ ಚೀಸ್ ಮೆತ್ತಿದ ಏಳು ಟ್ರೇ ಇತ್ತು. ಹೆಂಡತಿ ಅದನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಉಪ್ಪಿನಕಾಯಿ ಹಾಕಿಕೊಂಡು ತಿಂದಳಂತೆ.

2018ರ ಫೆಬ್ರವರಿಯಲ್ಲಿ ಆ ಡ್ರೈವರ್ ತೀರಿಕೊಂಡರು. ಹೃದಯಾಘಾತ. ಇಲ್ಲಿಯ ಸಾವಿನ ಮನೆಗೆ ನಾನು ಅಲ್ಲಿಯವರೆಗೆ ಹೋಗಿದ್ದಿಲ್ಲ. ಏನು ಹಾಕಿಕೊಳ್ಳಬೇಕು, ಏನು ಹೇಳಬೇಕು, ಬಂದು ಸ್ನಾನ ಮಾಡಬೇಕೋ ಬೇಡವೋ, ಯಾವುದೂ ಗೊತ್ತಿಲ್ಲ. ಹಿಂದಿನ ದಿನ ಅವರ ಮಗಳು ಫೋನ್ ಮಾಡಿ, ಪೆಟ್ಟಿಗೆ ಹೊರುವ ಆರು ಜನರಲ್ಲಿ ನೀವೂ ಒಬ್ಬರು, ಆಗುತ್ತದೆಯೇ ಎಂದು ಕೇಳಿದಳು. ಆರೂ ಜನ ಟ್ರೇಲರಿನವರೇ. ಇಲ್ಲಿ ಹೆಗಲ ಮೇಲೆ ಹೊರುವುದಿಲ್ಲ, ಪಕ್ಕದ ಹಿಡಿಕೆ ಹಿಡಿದು ನಡೆಯುತ್ತಾರೆ. ನನಗೆ ಬಲಗಡೆ ಸಿಕ್ಕಿತು. ನೆಲವೆಲ್ಲ ಹಿಮ ಗಟ್ಟಿಯಾಗಿ ಜಾರುತ್ತಿತ್ತು. ಎತ್ತುವಾಗ ಮುಂದಿದ್ದವನು ಅಭ್ಯಾಸಬಲದಿಂದ ಮೆಲ್ಲಗೆ "ಒಂದು, ಎರಡು" ಎಂದ. ಮೂರು ಎನ್ನಲು ಅವನಿಗೆ ಆಗಲಿಲ್ಲ. ಆದರೂ ಎಲ್ಲರೂ ಒಟ್ಟಿಗೇ ಎತ್ತಿದೆವು. ಹೊರಗೆ ಹಳೆಯ ವಿದ್ಯಾರ್ಥಿಯೊಬ್ಬ ಸ್ನೇರ್ ಅಂಚಿನ ಮೇಲೆ ಒಂದೊಂದೇ ಪೆಟ್ಟು ಹಾಕುತ್ತಿದ್ದ. ಸ್ಪರ್ಧೆಯ ದಿನ ಮಕ್ಕಳು ಮಾತಿಲ್ಲದೆ ಸಾಲಾಗಿ ಮೈದಾನಕ್ಕೆ ನಡೆಯುವಾಗ ಹಾಕುವ ಅದೇ ಪೆಟ್ಟು. ನಾಲ್ಕು ಜನರನ್ನು ಸಂಪಾದಿಸಿಕೋ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನಿಗೆ ಹೆಗಲು ಕೊಡಲು ನನಗೆ ಆಗಿರಲಿಲ್ಲ.

ಅಂಟುಪಟ್ಟಿಯ ಅಕ್ಷರ ಬಿಸಿಲಿಗೆ ಮಾಸುತ್ತದೆ. ಹೊಸದಾಗಿ ಪ್ರಿಂಟ್ ಹಾಕಿಸೋಣ ಎಂದು ಒಬ್ಬರು ಹೇಳಿದರು. ಯಾರೂ ಉತ್ತರ ಕೊಡಲಿಲ್ಲ. ಪ್ರತಿ ಜುಲೈನಲ್ಲಿ ಅವರ ಅಕ್ಷರದ ಮೇಲೆಯೇ ತಿದ್ದುತ್ತಾರೆ, ಮಕ್ಕಳು ಸ್ಲೇಟಿನ ಮೇಲೆ ತಿದ್ದಿದ ಹಾಗೆ. ಮೂರು ವರ್ಷ ನಾನೇ ತಿದ್ದಿದೆ.

ಎಲ್ಲ ಚಂದ ಎಂದು ಹೇಳುತ್ತಿಲ್ಲ. ಈ ಬಂಧು ಬಳಗ ಹೆಚ್ಚಿನವರಿಗೆ ನಾಲ್ಕೇ ವರ್ಷ. ಮಗ ಪಾಸಾದ ಮೇಲೆ, ಒಟ್ಟಿಗೆ ಮಳೆಯಲ್ಲಿ ನೆನೆದವರು ಅಂಗಡಿಯಲ್ಲಿ ಸಿಕ್ಕರೆ ಹಾಯ್ ಎಂದು ಹೋಗುತ್ತಾರೆ. ಮೊದಲ ಸಲ ನನಗೆ ಬೇಜಾರಾಯಿತು. ಈಗ ಇಲ್ಲ. ಆಮೇಲೆ ನಮ್ಮ ಮಗಳು ಬ್ಯಾಂಡಿನ ಜೊತೆ ಬಾವುಟ ಬೀಸುವ ಗುಂಪಿಗೆ ಸೇರಿದ್ದರಿಂದ ನನಗೆ 2022ರವರೆಗೆ ಸಿಕ್ಕಿತು.

ನಿಮ್ಮ ಮಗಳು ಮುಂದೆ ಡ್ರಮ್ ಕೋರ್ ಎಂದು ಶುರು ಮಾಡಬಹುದು, ಅದನ್ನೂ ಹೇಳಿಬಿಡುತ್ತೇನೆ. ಅದು ಶಾಲೆಯದಲ್ಲ. ಮೊದಲ ಮಹಾಯುದ್ಧದಿಂದ ಬಂದ ಸೈನಿಕರ ಸಂಘಗಳು ಊರೂರಲ್ಲಿ ಕಟ್ಟಿದ ಕಹಳೆ ಮತ್ತು ಡ್ರಮ್ ಗುಂಪುಗಳಿಂದ ಬೆಳೆದದ್ದು. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ, ಇವೇ ಮುಖ್ಯ. ಕ್ಲಾರಿನೆಟ್‌ಗೆ ಜಾಗವಿಲ್ಲ, ವಾದ್ಯ ಬದಲಿಸಬೇಕಾಗುತ್ತದೆ. ಬೇಸಿಗೆಯೆಲ್ಲ ರಾತ್ರಿ ಬಸ್ಸು, ಹಗಲು ಅಭ್ಯಾಸ, ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ ನಿದ್ದೆ. ಅದಕ್ಕೆ ನೀವೇ ಸಾವಿರಗಟ್ಟಲೆ ಡಾಲರ್ ಕೊಡಬೇಕು! ಆಗಸ್ಟಿನಲ್ಲಿ ಫೈನಲ್ಸ್ ನಮ್ಮ ಇದೇ ಸ್ಟೇಡಿಯಮ್ಮಿನಲ್ಲಿ. ವಯಸ್ಸಿನ ಮಿತಿ ಇದೆ, 22ಕ್ಕೆ ಬಂದರೆ ಮುಗಿಯಿತು. ನನ್ನ ಮಗನಿಗೆ 2020 ಕಡೆಯ ವರ್ಷ. ಕೊರೋನಾ ಬಂದು ಆ ವರ್ಷ ಇಡೀ ಸೀಸನ್ನೇ ರದ್ದಾಯಿತು, 1972ರಲ್ಲಿ ಈ ರಾಷ್ಟ್ರೀಯ ಸ್ಪರ್ಧೆ ಶುರುವಾದ ಮೇಲೆ ಮೊದಲ ಸಲ. ಅಷ್ಟು ಜನ ಸಾಯುತ್ತಿರುವಾಗ ಡ್ರಮ್ಮಿಗೆ ಅಳುತ್ತೀಯಾ ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ಅನ್ನಬಾರದಿತ್ತು. ಫೈನಲ್ಸ್ ನಡೆಯಬೇಕಿದ್ದ ಶನಿವಾರ ರಾತ್ರಿ ಅವನು ಗ್ಯಾರೇಜಿನಲ್ಲಿ ರಬ್ಬರ್ ಪ್ಯಾಡಿನ ಮೇಲೆ ಶೋ ಪೂರ್ತಿ ಬಾರಿಸಿದ. ನಾನು ಕಾರಿನೊಳಗೆ ಕೂತು ಕೇಳಿದೆ. ಬಾಗಿಲು ತೆಗೆದು ಇಳಿದು ಹೋಗಲು ಧೈರ್ಯ ಬರಲಿಲ್ಲ.

ಡ್ರಮ್ ಕೋರ್ ಗುಂಪುಗಳೂ ಸಾಯುತ್ತವೆ. ಎಪ್ಪತ್ತರ ದಶಕದಲ್ಲಿ ನೂರಾರು ಇದ್ದವು, ಈಗ ಅದರಲ್ಲಿ ಸ್ವಲ್ಪವೇ ಉಳಿದಿವೆ. 1934ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ ಹತ್ತು ಸಲ ಈ ರಾಷ್ಟ್ರೀಯ ಪಟ್ಟ ಗೆದ್ದ 'ದಿ ಕ್ಯಾಡೆಟ್ಸ್' 2024ರಲ್ಲಿ ಬಾಗಿಲು ಹಾಕಿತು. ಎಂಬತ್ತರ ದಶಕದ ಲೈಂಗಿಕ ದೌರ್ಜನ್ಯದ ಆರೋಪವೊಂದು ಕೋರ್ಟಿಗೆ ಬಂದು, ಅದರ ಖರ್ಚು ತಡೆಯಲಾಗಲಿಲ್ಲ. ಅದರಲ್ಲಿ ಬೆಳೆದವರ ಸಂಕಟ ನಿಜ. ಆದರೆ ದೂರು ಕೊಟ್ಟವರ ಸಂಕಟ ಅದಕ್ಕಿಂತ ಹಳೆಯದು ಎಂಬುದನ್ನು ಮರೆಯಬೇಡಿ. ನಮ್ಮವರು ಎಂದ ಮಾತ್ರಕ್ಕೆ ಕಣ್ಣು ಮುಚ್ಚಬಾರದು. ಮಗಳ ಜೊತೆ ಯಾರು ಹೋಗುತ್ತಾರೆ, ರಾತ್ರಿ ಯಾರು ಇರುತ್ತಾರೆ, ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂದು ನೇರವಾಗಿ ಕೇಳಿ. ಒಳ್ಳೆಯ ಬ್ಯಾಂಡಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಸ್ಸಿನ ಭಯವನ್ನೂ ಕೇಳಿದ್ದೀರಿ. 2023ರ ಸೆಪ್ಟೆಂಬರಿನಲ್ಲಿ ಲಾಂಗ್ ಐಲೆಂಡಿನ ಫಾರ್ಮಿಂಗ್‌ಡೇಲ್ ಹೈಸ್ಕೂಲಿನ ಮಕ್ಕಳು ಬ್ಯಾಂಡ್ ಕ್ಯಾಂಪಿಗೆ ಹೋಗುವಾಗ ಒಂದು ಬಸ್ಸು ಉರುಳಿತು. ಬ್ಯಾಂಡ್ ಟೀಚರ್ ಮತ್ತು ಜೊತೆಗಿದ್ದ ನಿವೃತ್ತ ಟೀಚರ್ ಇಬ್ಬರೂ ಹೋದರು. ಆ ವಾರ ನಾವೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು, ಹೇಳಲು ಏನೂ ಇಲ್ಲದಿದ್ದರೂ. ಭಯ ಹೋಗುವುದಿಲ್ಲ. ಬಸ್ಸಿನಲ್ಲಿ ಬೆಲ್ಟ್ ಇದ್ದರೆ ಹಾಕಿಕೋ ಎಂದು ಮಗಳಿಗೆ ಹೇಳಿ, ಬಸ್ಸು ತಿರುವು ದಾಟುವವರೆಗೆ ನಿಂತು ನೋಡಿ, ಆಮೇಲೆ ಹೋಗಿ ಕೆಲಸ ಮಾಡಿ. ನಾನು ಹಾಗೇ ಮಾಡಿದ್ದು.

ಕನ್ನಡ ಕೂಟಕ್ಕೂ ಬನ್ನಿ, ಅದನ್ನು ಬಿಡಬೇಡಿ. ಅಲ್ಲಿ ಸಿಗುವುದು ಬೇರೆ. ಆದರೆ ಜುಲೈ ಕೊನೆಯಲ್ಲಿ ಕ್ಯಾಂಪ್ ಶುರುವಾದ ದಿನ ಮಗಳನ್ನು ಬಿಟ್ಟು ಕಾರು ತಿರುಗಿಸಬೇಡಿ. ನೀವೂ ಯಜಮಾನರೂ ಇಬ್ಬರೂ ಇಳಿಯಿರಿ. ಟೋಪಿ, ನೀರಿನ ಬಾಟಲಿ, ದಪ್ಪ ಅಡಿಯ ಬೂಟು ಇರಲಿ. ಟ್ರೇಲರ್ ಹತ್ತಿರ ಹೋಗಿ ನಿಂತುಕೊಂಡು, ಯಾವ ಕಡೆ ಹಿಡಿಯಲಿ ಎಂದು ಕೇಳಿ. ಮರಿಂಬಾ ಕೊಟ್ಟರೆ ಕೆಳಗಿನ ಚೌಕಟ್ಟು ಹಿಡಿಯಿರಿ, ಕೀ ಹಿಡಿದು ಎತ್ತಬೇಡಿ.