ಟಿವಿ ಹಾಕುವ ಹೊತ್ತು ಯಾವುದು?

ಈ ಪ್ರಕರಣದಲ್ಲಿ ಬರುವ ಕುಟುಂಬದವರ, ಡೇಕೇರ್ ನಡೆಸುವವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಹೆಂಡತಿ ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದದ್ದು ಮಗುವಿನ ವಿಷಯಕ್ಕೆ. ಆದರೆ ಮೊದಲ ಇಪ್ಪತ್ತು ನಿಮಿಷ ಮಗುವಿನ ಮಾತೇ ಬರಲಿಲ್ಲ. ‘ಆ ಆಂಟಿ ಹೀಗಂದ್ರು’, ‘ನೀನು ಸುಮ್ನಿರಬೇಕಿತ್ತು’, ‘ನಿಮಗೇನು, ದಿನಾ ಬಿಟ್ಟು ಬರೋಳು ನಾನು ತಾನೇ’ ಎಂದು ಅವರಿಬ್ಬರೇ ಮಾತಾಡಿಕೊಂಡರು. ಆಕೆ ವಾಟ್ಸಾಪ್ ತೆರೆದು ಒಂದೊಂದೇ ಮೆಸೇಜ್ ಓದತೊಡಗಿದಾಗ ನಾನು ತಡೆದೆ. ಮೆಸೇಜ್ ಆಮೇಲೆ ನೋಡೋಣ, ನಿಮ್ಮ ಕಣ್ಣಾರೆ ಕಂಡದ್ದನ್ನು ಹೇಳಿ ಅಂದೆ.

ಕಂಡದ್ದು ಇಷ್ಟು. ಮಗಳಿಗೆ ಎರಡು ವರ್ಷ ಎರಡು ತಿಂಗಳು. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ, ಮನೆಯಿಂದ ಎರಡು ರಸ್ತೆ ಆಚೆ, ನೆಲಮಹಡಿಯ ಮನೆಯೊಂದರಲ್ಲಿ ಡೇಕೇರ್. ಹತ್ತು ತಿಂಗಳಿಂದ ಮಗು ಅಲ್ಲೇ ಇರುತ್ತದೆ. ಅವತ್ತು ಲಸಿಕೆ ಹಾಕಿಸಬೇಕೆಂದು ಅರ್ಧ ದಿನ ರಜೆ ಹಾಕಿದ ತಾಯಿ ಮಧ್ಯಾಹ್ನ ಹನ್ನೆರಡೂವರೆಗೆ ಹೇಳದೆ ಕೇಳದೆ ಹೋದರು. ಕಿಟಕಿಯ ಸರಳಿನಿಂದ ಒಳಗೆ ಕಾಣುತ್ತಿತ್ತು. ಚಾಪೆಯ ಮೇಲೆ ಸಾಲಾಗಿ ಆರು ಮಕ್ಕಳು, ಎದುರಿಗೆ ಸ್ಟೀಲ್ ತಟ್ಟೆ, ಗೋಡೆಯ ಮೇಲೆ ಟಿವಿ, ಟಿವಿಯಲ್ಲಿ ಇಂಗ್ಲಿಷ್ ರೈಮ್ಸ್. ಸಹಾಯಕ್ಕಿದ್ದ ಹೆಂಗಸು ಒಂದು ಬಾಯಿಂದ ಇನ್ನೊಂದು ಬಾಯಿಗೆ ತುತ್ತಿಡುತ್ತಾ ಹೋಗುತ್ತಿದ್ದಳು. ತಾಯಿ ಮಗಳ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಮತ್ತೆ ಕರೆದರು. ಡೇಕೇರ್ ನಡೆಸುವ ಆಂಟಿ ಓಡಿಬಂದು ಟಿವಿ ಆರಿಸಿದರು. ಮಗು ಆಗ ತಿರುಗಿತು, ಅಮ್ಮನನ್ನು ನೋಡಿತು, ಮತ್ತೆ ಟಿವಿ ಕಡೆ ಕೈಚಾಚಿ ಅಳತೊಡಗಿತು.

‘ನನ್ನನ್ನ ನೋಡಿ ಖುಷಿಪಡಲಿಲ್ಲ ಮೇಡಂ. ಟಿವಿ ಹೋಯ್ತಲ್ಲ ಅಂತ ಅತ್ಲು’ ಎಂದಾಗ ಆಕೆಯ ಗಂಟಲು ಕಟ್ಟಿತು. ಗಂಡ ಮೊದಲ ಸಲ ಮಾತು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು.

ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಆಕೆ ಆಂಟಿಗೆ ಉದ್ದದ ಮೆಸೇಜ್ ಕಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಕೊಂಡಿಯೂ ಅದರಲ್ಲಿತ್ತು. ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳುತ್ತದೆ. ನಮ್ಮ ಶಿಶುವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಬೆಳಗ್ಗೆ ಆಂಟಿಯಿಂದ ವಾಯ್ಸ್ ಮೆಸೇಜ್ ಬಂತು: ‘ನಿಮ್ಮ ಮಗು ಇಲ್ಲಿಗೆ ಬಂದ ಮೊದಲನೇ ದಿನಾನೇ ಊಟಕ್ಕೆ ಕೂತು ಮೊಬೈಲ್ ಅಂತ ಕೇಳ್ತು. ಅದನ್ನ ನಾನು ಕಲಿಸಿದ್ನಾ?’

ಜಗಳ ಅಲ್ಲಿಂದ ಮೂರು ವಾರ ನಡೆದಿತ್ತು. ಗಂಡನಿಗೆ ಬೇರೆಯೇ ಚಿಂತೆ. ಈ ಜಾಗ ಕೈಬಿಟ್ಟರೆ ಇನ್ನೆಲ್ಲಿ? 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂತು. ಆದರೆ ತಾಯಿ ಕೆಲಸ ಮಾಡುವ ಕಚೇರಿಯಲ್ಲಿ ಇರುವವರೇ ಸುಮಾರು 30 ಜನ. ಗಂಡನ ಕಂಪನಿಯಲ್ಲಿ ಕೇಂದ್ರವಿದೆ, ಊರಿನ ಇನ್ನೊಂದು ತುದಿಯಲ್ಲಿ. ಎರಡು ವರ್ಷದ ಮಗುವನ್ನು ದಿನಕ್ಕೆ ಮೂರು ಗಂಟೆ ಟ್ರಾಫಿಕ್‌ನಲ್ಲಿ ಕೂರಿಸುವುದು ಅವರಿಗೂ ಬೇಡವಾಗಿತ್ತು. ಸ್ಕ್ರೀನ್ ಅಡಿಕ್ಷನ್‌ಗೆ ನಿಮ್ಹಾನ್ಸ್‌ನಲ್ಲಿ ಕ್ಲಿನಿಕ್ ಇದೆಯಂತಲ್ಲ, ಅಲ್ಲಿಗೆ ತೋರಿಸೋಣವೇ ಎಂದೂ ಕೇಳಿದರು. ಇದೆ, 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಯುತ್ತಿದೆ. ಆದರೆ ಇದು ಅಡಿಕ್ಷನ್ ಅಲ್ಲ ಎಂದು ಬಿಡಿಸಿ ಹೇಳಿದೆ. ಎರಡು ವರ್ಷದ ಮಗು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಬದಲಾಗಬೇಕಾದ್ದು ಕೈಗೆ ಏನು ಸಿಗುತ್ತದೆ ಅನ್ನುವುದು.

ಮೊದಲ ದಿನ ಎರಡೇ ಕೆಲಸ ಕೊಟ್ಟೆ. ಆಂಟಿಗೆ ವಾಟ್ಸಾಪಿನಲ್ಲಿ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ. ಒಂದು ವಾರ, ನಿಮ್ಮ ಮನೆಯಲ್ಲಿ ಮಗುವಿನ ಮುಂದೆ ಯಾವ ಸ್ಕ್ರೀನ್, ಎಷ್ಟು ಹೊತ್ತಿಗೆ ಆನ್ ಆಯಿತು, ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ, ಬರೆದಿಡಿ. ಎಷ್ಟು ನಿಮಿಷ ಅನ್ನುವುದಕ್ಕಿಂತ ಆಗ ನಿಮ್ಮ ಕೈ ಎಲ್ಲಿತ್ತು ಅನ್ನುವುದು ನನಗೆ ಮುಖ್ಯ ಅಂದೆ.

ಮುಂದಿನ ಸಲ ತಾಯಿ ಒಬ್ಬರೇ ಬಂದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ರಾತ್ರಿ ಊಟ, 40 ನಿಮಿಷ: ಚಪಾತಿ ಲಟ್ಟಿಸುತ್ತಿದ್ದೆ. ಬೆಳಗ್ಗೆ 15 ನಿಮಿಷ: ತಲೆಸ್ನಾನ. ಭಾನುವಾರ ಎರಡು ಗಂಟೆ: ಅವರು ಕಾಲ್‌ನಲ್ಲಿದ್ದರು, ನಾನು ಬಟ್ಟೆ ಒಗೆಯುತ್ತಿದ್ದೆ. ನಾನು ಏನೂ ಹೇಳಲಿಲ್ಲ. ಆಕೆಯೇ ಆ ಹಾಳೆಯ ಮೇಲೆ ಬೆರಳಾಡಿಸುತ್ತಾ, ‘ಎಲ್ಲಾ ಕೈ ಖಾಲಿ ಇಲ್ದಿರೋ ಹೊತ್ತೇ’ ಅಂದರು. ದಾವಣಗೆರೆಯ ಅಜ್ಜಿಯ ಜೊತೆಗಿನ ವಿಡಿಯೋ ಕಾಲನ್ನೂ ತಪ್ಪಿತಸ್ಥರಂತೆ ಪಟ್ಟಿಗೆ ಸೇರಿಸಿದ್ದರು. ಅದನ್ನು ಹೊಡೆದುಹಾಕಿಸಿದೆ. ಮನೆಯವರೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕಾಲ್ ಮಾಡುವುದಕ್ಕೆ ಎರಡು ವರ್ಷದೊಳಗಿನ ಮಕ್ಕಳಿಗೂ ವೈದ್ಯರ ಒಪ್ಪಿಗೆ ಇದೆ. ಅಲ್ಲಿ ಮಾತಿಗೆ ಮಾತು ಬರುತ್ತದೆ.

ಅವತ್ತು ನಿಜವಾದ ಭಯ ಹೊರಬಂತು. ಮಗು ಏಳೆಂಟು ಪದ ಬಿಟ್ಟರೆ ಬೇರೇನೂ ಮಾತಾಡುತ್ತಿರಲಿಲ್ಲ. ಈ ವಯಸ್ಸಿಗೆ ಹೆಚ್ಚಿನ ಮಕ್ಕಳು ‘ಅಮ್ಮ ಬಾ’, ‘ನೀರು ಕೊಡು’ ಎಂದು ಎರಡು ಪದ ಜೋಡಿಸುತ್ತಾರೆ. ಅತ್ತೆ ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದಿದ್ದರು. ಗಂಡ ಅದನ್ನೇ ನಂಬಿದ್ದರು. ತಾಯಿ ಒಳಗೊಳಗೇ ಎಲ್ಲವನ್ನೂ ಆ ಟಿವಿಯ ತಲೆಗೆ ಕಟ್ಟಿದ್ದರು, ಅಂದರೆ ಆಂಟಿಯ ತಲೆಗೆ, ಅಂದರೆ ಮಗುವನ್ನು ಆಂಟಿಯ ಬಳಿ ಬಿಟ್ಟು ಕೆಲಸಕ್ಕೆ ಹೋದ ತಮ್ಮ ತಲೆಗೆ.

ಇಲ್ಲಿ ನಾನು ಖಡಾಖಂಡಿತವಾಗಿ ಮಾತಾಡಿದೆ. ಟಿವಿಯಿಂದಲೇ ಹೀಗಾಯಿತೆಂದು ನನಗೂ ಹೇಳಲಾಗದು, ನಿಮಗೂ ಹೇಳಲಾಗದು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಹೆಸರು ಹಿಡಿದು ಕರೆದರೆ ತಿರುಗದ ಮಗುವಿನ ವಿಷಯದಲ್ಲಿ ಕಾದು ನೋಡೋಣ ಎನ್ನುವ ಮಾತೇ ಬೇಡ. ಅವರ ತವರಿನ ಕಡೆಯವರು ಮೈಸೂರಿನಲ್ಲಿದ್ದುದರಿಂದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದರು. ಕಿವಿ ಚೆನ್ನಾಗಿತ್ತು. ಮಾತು ವಯಸ್ಸಿಗಿಂತ ಸ್ವಲ್ಪ ಹಿಂದಿತ್ತು, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಹೇಳಿಕೊಟ್ಟು ಮತ್ತೆ ಬರಲು ತಿಳಿಸಿದರು. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದಿದ್ದ ತಾಯಿ ಅವತ್ತು ರಾತ್ರಿ ಮಲಗಿದರಂತೆ.

ಇನ್ನು ಆಂಟಿ. ನನ್ನ ಕೋಣೆಗೆ ಬರಲು ಅವರು ಒಪ್ಪಲಿಲ್ಲ. ‘ನನಗೇನಾಗಿದೆ ಕೌನ್ಸೆಲಿಂಗ್‌ಗೆ ಬರೋಕೆ?’ ಎಂದು ಕೇಳಿದರಂತೆ. ಆ ಪ್ರಶ್ನೆ ನ್ಯಾಯವಾದದ್ದೇ. ಸಾಮಾನ್ಯವಾಗಿ ನಾನು ಹೀಗೆ ಮಾಡುವುದಿಲ್ಲ, ಆದರೂ ಎರಡೂ ಕಡೆಯವರ ಒಪ್ಪಿಗೆ ಪಡೆದು ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ನಾನೇ ಅಲ್ಲಿಗೆ ಹೋಗಿ ಕೂತೆ.

ಎರಡು ಗಂಟೆಯಲ್ಲಿ ಅವರು ಒಂದು ಸಲವೂ ಕೂರಲಿಲ್ಲ. ಎಂಟು ಮಕ್ಕಳು, ಅದರಲ್ಲಿ ಇಬ್ಬರು ಇನ್ನೂ ಎರಡು ತುಂಬದವರು. ಒಬ್ಬನಿಗೆ ಡೈಪರ್ ಬದಲಿಸುವಷ್ಟರಲ್ಲಿ ಇನ್ನೊಬ್ಬಳು ಪಕ್ಕದವನ ತೋಳು ಕಚ್ಚಿದಳು. ಸೊಂಟದಲ್ಲೊಂದು ಮಗು, ಒಲೆಯ ಮೇಲೆ ಹಾಲು, ಗೇಟಿನಲ್ಲಿ ಕೊರಿಯರ್ ಹುಡುಗ. ಊಟದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದರು. ಎಂಟರಲ್ಲಿ ಆರು ಡಬ್ಬಿಯಲ್ಲಿ ಕಲೆಸಿ ತಿನ್ನಿಸಬೇಕಾದ ಅನ್ನ. ‘ಒಂದೊಂದು ಮಗೂಗೆ ಕಾಲು ಗಂಟೆ ಅಂದ್ರೂ ಆರು ಮಕ್ಕಳಿಗೆ ಒಂದೂವರೆ ಗಂಟೆ. ಕೊನೇ ಮಗು ಹಸಿವಿಗೆ ಕಿರುಚ್ತಿರತ್ತೆ. ಟಿವಿ ಹಾಕಿದ್ರೆ ಮುಕ್ಕಾಲು ಗಂಟೇಲಿ ಮುಗಿಯತ್ತೆ’ ಅಂದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಟಿವಿ ಯಾವ್ಯಾವ ಹೊತ್ತಿಗೆ ಹಾಕುತ್ತೀರಿ ಎಂದು ಕೇಳಿದೆ. ಎಷ್ಟು ಹೊತ್ತು ಎಂದು ಕೇಳಿದ್ದರೆ ‘ಸ್ವಲ್ಪ ಹೊತ್ತು’ ಎನ್ನುತ್ತಿದ್ದರು, ಮೂರು ವಾರ ಅದನ್ನೇ ಹೇಳಿದ್ದರು. ಯಾವ ಹೊತ್ತು ಎಂದದ್ದಕ್ಕೆ ಲೆಕ್ಕ ಸಲೀಸಾಗಿ ಬಂತು. ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂಕಾಲು, ಮಕ್ಕಳು ಅಳುತ್ತಾ ಬರುವ ಹೊತ್ತು. ಹನ್ನೆರಡೂಕಾಲಿನಿಂದ ಒಂದು, ಊಟ. ಸಹಾಯಕಿ ಎರಡಕ್ಕೆ ಹೊರಟುಬಿಡುತ್ತಾಳೆ. ನಿದ್ದೆ ಮುಗಿದು ಮಕ್ಕಳೆಲ್ಲ ಎದ್ದ ಮೇಲೆ, ನಾಲ್ಕೂಮುಕ್ಕಾಲಿನಿಂದ ಕೊನೆಯ ಮಗು ಹೋಗುವ ಆರೂವರೆಯವರೆಗೆ ಇವರೊಬ್ಬರೇ. ಒಟ್ಟು ಮೂರೂಕಾಲು ಗಂಟೆ. ಒಂಬತ್ತಕ್ಕೆ ಬಂದು ಆರೂಕಾಲಿಗೆ ಹೋಗುವ ನಮ್ಮ ಮಗುವಿನ ಪಾಲಿಗೆ ಎರಡೂವರೆ. ತಾಯಿ ‘ಇಡೀ ದಿನ’ ಅಂದುಕೊಂಡಿದ್ದರು, ಆಂಟಿ ‘ಸ್ವಲ್ಪ’ ಅಂದುಕೊಂಡಿದ್ದರು. ಲೆಕ್ಕ ಕೇಳಿ ಆಂಟಿಯೇ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತುಬಿಟ್ಟರು.

ಆಮೇಲೆ ಹೇಳಿದರು, ‘ಹಿಂದೆ ಚಂದಮಾಮನ್ನ ತೋರಿಸಿ ತಿನ್ನಿಸ್ತಿದ್ರು. ಈಗ ಟಿವಿ ತೋರಿಸ್ತೀವಿ. ವ್ಯತ್ಯಾಸ ಏನು?’

ಈ ಮಾತನ್ನು ನಾನು ತುಂಬ ಕಡೆ ಕೇಳಿದ್ದೇನೆ, ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಉತ್ತರ ಹೇಳಲೇಬೇಕು. ಚಂದಮಾಮ ತಾನಾಗಿ ಮಾತಾಡುವುದಿಲ್ಲ. ತೋರಿಸುವವರು ಮಾತಾಡಬೇಕು. ‘ಅಗೋ ನೋಡು, ಮೋಡದ ಹಿಂದೆ ಹೋದ, ಇದು ಕಾಗೆಗೆ, ಇದು ಗುಬ್ಬಿಗೆ, ಇದು ನಿನಗೆ’ ಎಂದು ತುತ್ತಿಗೊಂದು ಮಾತು ಮಗುವಿನ ಕಿವಿಗೆ ಬೀಳುತ್ತಿತ್ತು, ಮಗು ತೊದಲಿದರೆ ಅದಕ್ಕೆ ಉತ್ತರವೂ ಸಿಗುತ್ತಿತ್ತು. ಟಿವಿ ಆನ್ ಆದರೆ ಮಗುವಿನ ಜೊತೆ ದೊಡ್ಡವರ ಮಾತೂ ಕಡಿಮೆಯಾಗುತ್ತದೆ. ಸಂಶೋಧನೆಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ, ಅವತ್ತು ಆ ಹಜಾರದಲ್ಲೂ ಕಂಡಿತು. ಟಿವಿ ಹಾಕಿದ್ದೇ ತಡ, ಅಲ್ಲಿಯವರೆಗೆ ‘ಬಾಯಿ ತೆಗಿ ಬಂಗಾರ’ ಎನ್ನುತ್ತಿದ್ದ ಸಹಾಯಕಿಯೂ ಸುಮ್ಮನಾದಳು. ಅವಳೂ ಟಿವಿ ನೋಡುತ್ತಿದ್ದಳು.

ಶನಿವಾರ ಸಂಜೆ ಮೂವರನ್ನೂ ಅದೇ ಚಾಪೆಯ ಮೇಲೆ ಕೂರಿಸಿದೆ. ಆಂಟಿ ಮೊದಲ ಮಾತೇ ತಾಯಿಗೆ ಕೇಳಿದರು: ‘ಸೇರಿಸೋಕೆ ಬಂದ ದಿನ ನೀವೇನಂದ್ರಿ ನೆನಪಿದೆಯಾ? ಇಂಗ್ಲಿಷ್ ರೈಮ್ಸ್ ಎಲ್ಲಾ ಕಲಿಸ್ತೀರಾ ಅಂತ ಕೇಳಿದ್ರಿ. ನನಗೆ ಇಂಗ್ಲಿಷ್ ಬರಲ್ಲ. ಟಿವಿಗೆ ಬರತ್ತೆ.’ ತಾಯಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನೀವು ಕನ್ನಡದಲ್ಲೇ ಮಾತಾಡ್ಸಿ ಆಂಟಿ, ಸಾಕು’ ಅಂದರು. ಅಷ್ಟು ದಿನದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ನಿಜವಾದ ಮಾತು ಅದು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂರು ಹೊತ್ತನ್ನೂ ಒಟ್ಟಿಗೆ ನಿಲ್ಲಿಸಲು ಹೊರಟರೆ ನಾಲ್ಕನೇ ದಿನ ಎಲ್ಲವೂ ಹಿಂದಕ್ಕೆ ಬರುತ್ತದೆ, ಊಟದಿಂದ ಶುರುಮಾಡಿ. ಟಿವಿ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯದು. ಚಿಕ್ಕವರಿಗೆ ಹನ್ನೊಂದೂಮುಕ್ಕಾಲಿಗೆ, ಉಳಿದವರಿಗೆ ಹನ್ನೆರಡೂವರೆಗೆ, ಎರಡು ಪಂಕ್ತಿ ಮಾಡಿ. ಆದರೆ ಅದಕ್ಕೆ ಅಪ್ಪ ಅಮ್ಮ ಡಬ್ಬಿ ಬದಲಿಸಬೇಕು. ಕಲೆಸಿದ ಅನ್ನದ ಬದಲು ಇಡ್ಲಿ ತುಂಡು, ಮೆತ್ತಗಿನ ಅಕ್ಕಿರೊಟ್ಟಿ, ಬೇಯಿಸಿದ ಕ್ಯಾರೆಟ್, ಸಣ್ಣ ಮೊಸರನ್ನದ ಉಂಡೆ ಹೀಗೆ ಮಗು ತಾನೇ ಎತ್ತಿಕೊಂಡು ತಿನ್ನುವಂಥದ್ದು ಕಳಿಸಿ. ಅಂಗಿ ಕೊಳೆಯಾದೀತು, ಚಾಪೆ ಗಲೀಜಾದೀತು. ಅದಕ್ಕೆ ಗೇಟಿನಲ್ಲಿ ನಿಂತು ಮುಖ ಸಿಂಡರಿಸಬೇಡಿ.

ಸಂಜೆಯ ಹೊತ್ತಿಗೆ ಬೇಕಾದ್ದು ಇನ್ನೊಂದು ಜೊತೆ ಕೈ. ಸಹಾಯಕಿ ನಾಲ್ಕೂವರೆಯಿಂದ ಆರೂವರೆವರೆಗೆ ಮತ್ತೆ ಬರಲು ತಿಂಗಳಿಗೆ 3,000 ಕೇಳಿದಳು. ತಂದೆ ಮೊದಲು ಹಿಂಜರಿದರು, ಈಗಾಗಲೇ 7,500 ಕೊಡುತ್ತಿದ್ದೇವಲ್ಲ ಎಂದರು. ನಾನು ಮೃದುವಾಗಿ ಹೇಳಲಿಲ್ಲ. ಹಣ ಹೆಚ್ಚಿಸದೆ ಟಿವಿ ಮಾತ್ರ ಆರಿಸಿ ಎನ್ನುವುದು, ಇನ್ನೊಬ್ಬರ ಬೆನ್ನಿನ ಮೇಲೆ ನಮ್ಮ ಸಮಾಧಾನ ಹೊರಿಸುವುದು. ಕೊನೆಗೆ ಐದು ಮನೆಯವರು ತಲಾ 600 ಹಾಕಿದರು. ಆ ಐದು ಮನೆ ಹತ್ತಿದ್ದು ಈ ತಂದೆಯೇ.

ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಇಟ್ಟುಕೊಂಡರು. ಎರಡು ತುಂಬದವರಿಗೆ ಟಿವಿ ಇಲ್ಲ, ಆ ಹೊತ್ತಿಗೆ ಅವರು ಒಳಕೋಣೆಯಲ್ಲಿ. ದೊಡ್ಡ ಮಕ್ಕಳಿಗೆ ಸಂಜೆ ಅರ್ಧ ಗಂಟೆ, ಆಂಟಿ ಆಯ್ದಿಟ್ಟದ್ದು ಮಾತ್ರ, ತಾನಾಗಿ ಮುಂದಿನದಕ್ಕೆ ಓಡುವ ವಿಡಿಯೋ ಬೇಡ. ಮಕ್ಕಳ ಕೈಗೆ ಮೊಬೈಲ್ ಕೂಡದು. ನಾನು ಹಟ ಹಿಡಿದು ಸೇರಿಸಿದ ಸಾಲು ಕೊನೆಯದು: ಸಹಾಯಕಿ ಬಾರದ ದಿನ, ಯಾರಿಗೋ ಜ್ವರ ಬಂದ ದಿನ ಆಂಟಿ ಟಿವಿ ಹಾಕಬಹುದು, ಹಾಕಿದ್ದನ್ನು ಹೇಳಬೇಕು, ಹೇಳಿದ್ದಕ್ಕೆ ಅಪ್ಪ ಅಮ್ಮ ಮರುಪ್ರಶ್ನೆ ಹಾಕಬಾರದು. ನಿಜ ಹೇಳಿದವರು ಬೈಸಿಕೊಳ್ಳುವ ಕಡೆ ನಿಜ ಉಳಿಯುವುದಿಲ್ಲ.

ತಾಯಿಗೆ ಪ್ರತ್ಯೇಕವಾಗಿ ಇನ್ನೊಂದು ಮಾತು ಹೇಳಿದ್ದೆ, ಇಂಥದ್ದೇ ತೊಳಲಾಟದಲ್ಲಿರುವ ಬೇರೆಯವರಿಗೂ ಅದು ಬೇಕಾದೀತು. ಹೇಳದೆ ಹೋದರೆ ಒಳಗೆ ಬಿಡುವುದಿಲ್ಲ, ಕೇಳಿದ್ದಕ್ಕೆಲ್ಲ ಸುಳ್ಳು ಹೇಳುತ್ತಾರೆ, ಮಗು ಆ ಮನೆಯ ಗೇಟು ಕಂಡರೆ ಬೆದರುತ್ತದೆ, ಸಂಜೆ ವಿನಾಕಾರಣ ಮಂಪರಿನಲ್ಲಿರುತ್ತದೆ ಎಂದಾದರೆ ಮಾತುಕತೆಗೆ ಕೂರಬೇಡಿ, ಅವತ್ತೇ ಮಗುವನ್ನು ಬಿಡಿಸಿಕೊಂಡು ಬನ್ನಿ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಗೇಟು ತೆಗೆದೇ ಇತ್ತು, ಮಗು ಆಂಟಿಯ ಸೊಂಟ ಬಿಡುತ್ತಿರಲಿಲ್ಲ.

ಮೂರು ತಿಂಗಳಾಯಿತು. ಬೆಳಗಿನ ಟಿವಿ ಇನ್ನೂ ಪೂರ್ತಿ ನಿಂತಿಲ್ಲ. ಟಿವಿ ಇಲ್ಲದೆ ನಮ್ಮ ಹುಡುಗ ಉಣ್ಣುವುದೇ ಇಲ್ಲ ಎಂದು ಇನ್ನೊಂದು ಮನೆಯವರು ಆಂಟಿಯ ಜೊತೆ ಜಗಳ ತೆಗೆದರಂತೆ, ಅದನ್ನು ಆಂಟಿ ಈ ತಾಯಿಗೆ ಫೋನ್ ಮಾಡಿ ಹೇಳಿಕೊಂಡರು. ಮನೆಯಲ್ಲಿ ರಾತ್ರಿ ಚಪಾತಿ ಲಟ್ಟಿಸುವ ಹೊತ್ತಿಗೆ ಮಗುವಿಗೂ ಒಂದು ಉಂಡೆ ಹಿಟ್ಟು ಸಿಗುತ್ತದೆ. ಮೈಸೂರಿಗೆ ಮತ್ತೊಮ್ಮೆ ಹೋಗಿ ಬಂದರು. ಈಗ ಎರಡು ಪದ ಜೋಡಿಸುತ್ತಾಳೆ. ಮೊದಲು ಜೋಡಿಸಿದ್ದು ‘ಆಂಟಿ ಬೂವಾ’.

ಕಳೆದ ವಾರ ತಾಯಿ ನನಗೊಂದು ಮೆಸೇಜ್ ತೋರಿಸಿದರು. ಮಧ್ಯಾಹ್ನ ಆಂಟಿ ಕಳಿಸಿದ್ದು: ‘ಇವತ್ತು ಅವಳು ಬಂದಿಲ್ಲ, ಮಳೆ. ಊಟಕ್ಕೆ ಅರ್ಧ ಗಂಟೆ ಟಿವಿ ಹಾಕಿದೀನಿ.’ ಅದರ ಕೆಳಗೆ ಈಕೆಯ ಉತ್ತರ: ‘ಸರಿ ಆಂಟಿ. ನಾನು ಐದಕ್ಕೇ ಬರ್ತೀನಿ.’