ಚಾಳಿನ ಮ್ಯಾಪ್‌ಗೆ ಇನ್ನೊಂದು ದಾರಿ ಬೇಡ, ಮೊದಲು ಸೆಕೆಂಡ್ ಎಣಿಸು

ಘಾಟ್ಕೋಪರ್ ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಮೇಲಿನಿಂದ ತೆಗೆದ ಚಿತ್ರವನ್ನೂ ದೊಡ್ಡದು ಮಾಡಿ ನೋಡಿದೆ. ಮುಂಬೈನ ಪರೇಲ್ ಕಡೆಯ ಹಳೇ ಚಾಳನ್ನು, ಅಂದರೆ ಗ್ಯಾಲರಿಗೆ ಸಾಲಾಗಿ ಕೋಣೆಗಳಿರುವ ವಠಾರವನ್ನು, ಕೌಂಟರ್ ಸ್ಟ್ರೈಕ್ ಅನ್ನೋ ಗನ್ನಿನ ಕಂಪ್ಯೂಟರ್ ಆಟಕ್ಕೆ ಮ್ಯಾಪ್ ಆಗಿ ಕಟ್ಟಿದ್ದೀಯ, ಹ್ಯಾಮರ್ ಅನ್ನೋ ಮ್ಯಾಪ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. 5 ಜನ ಬಾಂಬ್ ಇಡುವವರು, 5 ಜನ ಕಾಯುವವರು. ನೋಡಿದವರೆಲ್ಲ ಚೆಂದ ಇದೆ ಅಂದರು, ಆಡಿದವರು ಮಾತ್ರ 20 ರೌಂಡ್‌ಗೆ ಸಾಕು ಅಂದರು. ಅದರಲ್ಲಿ ಬಾಂಬ್ ಕಡೆಯವರು ಗೆದ್ದಿದ್ದು 3 ಸಲ. ‘ಇನ್ನೊಂದು ದಾರಿ ಸೇರಿಸಲಾ?’ ಅಂತ ಕೇಳಿದ್ದೀಯ.

ಸದ್ಯಕ್ಕೆ ಸೇರಿಸಬೇಡ. ದಾರಿ ಸಾಲದೆ ಹೀಗಾಗಿಲ್ಲ, ಹೊತ್ತಿನ ಲೆಕ್ಕ ತಪ್ಪಿದೆ. ಯಾರು, ಎಲ್ಲಿಗೆ, ಎಷ್ಟು ಸೆಕೆಂಡಿಗೆ ಮುಟ್ಟುತ್ತಾರೆ ಅನ್ನೋದೇ ಈ ಆಟದಲ್ಲಿ ಮ್ಯಾಪ್‌ನ ಜೀವ. ಗೋಡೆ, ಬಣ್ಣ, ಕಿಟಕಿ ಎಲ್ಲ ಆಮೇಲೆ.

ಒಂದು ಸ್ಟಾಪ್‌ವಾಚ್ ಇಟ್ಟುಕೊಂಡು ಕೂರು. ಕೈಯಲ್ಲಿ ಚಾಕು ಹಿಡಿದು ಓಡಿದರೆ ಸೆಕೆಂಡಿಗೆ 250 ಯೂನಿಟ್ (ಆಟದೊಳಗಿನ ಅಳತೆ) ಹೋಗುತ್ತೇವೆ. ಅಂದರೆ 2500 ಯೂನಿಟ್ ದಾರಿಗೆ 10 ಸೆಕೆಂಡ್. ನಿನ್ನ ಚಿತ್ರದ ಅಳತೆ ಹಿಡಿದು ಲೆಕ್ಕ ಹಾಕಿದೆ. ಕಾಯುವವರು ಮೊದಲ ಮಹಡಿಯ ಗ್ಯಾಲರಿಗೆ ಸುಮಾರು 4 ಸೆಕೆಂಡಿಗೇ ಬಂದುಬಿಡುತ್ತಾರೆ. ಬಾಂಬ್ ಕಡೆಯವರು ಅಂಗಳದ ಬಾಗಿಲು ಮುಟ್ಟುವಾಗ 11 ಸೆಕೆಂಡ್ ಆಗಿರುತ್ತದೆ. ನಡುವಿನ 7 ಸೆಕೆಂಡಲ್ಲಿ ಮೇಲಿನವನು ಮೂಲೆ ಹಿಡಿದು, ಸ್ಕೋಪ್ ಹಾಕಿ, ಬಾಗಿಲ ಮೇಲೆ ಗುರಿ ಇಟ್ಟು ನಿಂತಿರುತ್ತಾನೆ. ಬಾಗಿಲು ದಾಟಿದವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಇದಕ್ಕೆ ಇನ್ನೊಂದು ದಾರಿ ಕೊಟ್ಟರೆ ಅಲ್ಲೂ ಇದೇ ಕಥೆ.

ಇದೇ ಆಟದ ಡಸ್ಟ್ 2 ಅನ್ನೋ ಮ್ಯಾಪ್ ತೆಗೆದುಕೋ. ಡೇವ್ ಜಾನ್‌ಸ್ಟನ್ ಅದನ್ನು ಮಾಡಿದ್ದು 2001ರಲ್ಲಿ. ನಾವು ಡೊಂಬಿವಲಿಯ ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಆಡಿದ್ದೂ ಅದನ್ನೇ, ಇವತ್ತಿನ ಹುಡುಗರು ಆಡೋದೂ ಅದನ್ನೇ. ಅದರಲ್ಲಿ ಎ, ಬಿ ಎರಡೂ ಸೈಟಿಗೆ, ಅಂದರೆ ಬಾಂಬ್ ಇಡುವ ಜಾಗಕ್ಕೆ, ಕಾಯುವವರೇ ಮೊದಲು ಮುಟ್ಟುತ್ತಾರೆ. ಅದು ಇರಬೇಕಾದ್ದೇ. ಆದರೆ ಲಾಂಗ್ ಅನ್ನೋ ಉದ್ದದ ದಾರಿಯ ಹತ್ತಿರ, ನಡುವಿನ ಜೋಡಿ ಬಾಗಿಲ ಹತ್ತಿರ ಎರಡು ಕಡೆಯವರೂ ಹೆಚ್ಚುಕಡಿಮೆ ಒಟ್ಟಿಗೇ ಎದುರಾಗುತ್ತಾರೆ. ಅಲ್ಲಿ ಗೆದ್ದವರಿಗೆ ಮುಂದಿನ ದಾರಿ ತೆರೆಯುತ್ತದೆ, ಸೋತವರು ಹಿಂದೆ ಸರಿದು ಸೈಟ್ ಕಾಯಬಹುದು. ಪ್ರತಿ ರೌಂಡೂ ಒಂದು ಸಣ್ಣ ಜಗಳದಿಂದ ಶುರುವಾಗಿ ದೊಡ್ಡದಕ್ಕೆ ಹೋಗುತ್ತದೆ. ನಿನ್ನ ಚಾಳಿನಲ್ಲಿ ಆ ಸಣ್ಣ ಜಗಳಕ್ಕೆ ಜಾಗವೇ ಇಲ್ಲ. ಕಾಯುವವರು ಹುಟ್ಟುವ, ಅಂದರೆ ರೌಂಡ್ ಶುರುವಾಗುವಾಗ ಇರುವ, ಜಾಗವನ್ನು ಹಿಂದಿನ ಸಂಡಾಸ್ ಸಾಲಿನ ಆಚೆಗೆ ತಳ್ಳು. ಗ್ಯಾಲರಿಗೆ ಅವರು 10 ಸೆಕೆಂಡಿಗೆ ಬರಲಿ, ಅಂಗಳದ ಬಾಗಿಲಿಗೆ ಬಾಂಬ್ ಕಡೆಯವರು ಈಗಿನಂತೆ 11ಕ್ಕೇ ಬರಲಿ. ಇದೊಂದನ್ನೇ ಬದಲಿಸಿ 20 ರೌಂಡ್ ಆಡಿಸಿ ನೋಡು, ಬೇರೆ ಏನೂ ಮುಟ್ಟಬೇಡ.

ಅದಾದ ಮೇಲೆ ಎರಡನೇ ಲೆಕ್ಕ, ಒಂದು ಸೈಟಿನಿಂದ ಇನ್ನೊಂದಕ್ಕೆ ಓಡುವ ಹೊತ್ತು. ಬಾಂಬ್ ಇಟ್ಟ ಮೇಲೆ ಸಿಡಿಯಲು 40 ಸೆಕೆಂಡ್. ಕಾಯುವವರು ಅದನ್ನು ಬಿಚ್ಚಿ ಕೆಡಿಸಲು ಕಿಟ್ (ಅದಕ್ಕೆಂದೇ ಇರುವ ಸಾಮಾನು) ಇಲ್ಲದಿದ್ದರೆ 10, ಕಿಟ್ ಇದ್ದರೆ 5. ನಿನ್ನ ಮ್ಯಾಪಲ್ಲಿ ಎ ಯಿಂದ ಬಿ ಗೆ 26 ಸೆಕೆಂಡ್ ಬೇಕು. ಕಿಟ್ ಇಲ್ಲದವನಿಗೆ ಸೈಟ್ ಒಳಗೆ ಅಡಗಿರುವವರನ್ನು ಹುಡುಕಿ ಹೊಡೆಯಲು ಉಳಿಯೋದು ಬರೀ 4 ಸೆಕೆಂಡ್. ಆಗ ಯಾರೂ ವಾಪಸ್ ಗೆಲ್ಲಲು ಹೋಗುವುದಿಲ್ಲ, ಮುಂದಿನ ರೌಂಡಿಗೆ ಗನ್ ಉಳಿಸಿಕೊಂಡು ಮೂಲೆಯಲ್ಲಿ ಕೂರುತ್ತಾರೆ. ಅರ್ಧ ರೌಂಡ್ ಹೀಗೆ ಸುಮ್ನೆ ಕೂತರೆ ಯಾರಿಗೆ ಆಡಲು ಮನಸ್ಸಾಗುತ್ತೆ ಹೇಳು? ಅಂಗಳದ ಹಿಂದಿನಿಂದ ಒಂದು ಅಡ್ಡದಾರಿ ಮಾಡಿ ಇದನ್ನು 15ರ ಹತ್ತಿರಕ್ಕೆ ತಾ.

ಇನ್ನು ಗ್ಯಾಲರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕೆಂದರೆ ನಾನು ಹತ್ತನೇ ಕ್ಲಾಸ್‌ವರೆಗೆ ಬೆಳೆದದ್ದು ಇಂಥದ್ದೇ ಚಾಳಿನಲ್ಲಿ. ನಮ್ಮ ಖೋಲಿ ಸಾಲಿನ ಕೊನೆಯದು. ಬಾಗಿಲಲ್ಲಿ ನಿಂತರೆ ಆ ತುದಿಯ ಮೆಟ್ಟಿಲು ಹತ್ತಿ ಬಂದವರು ಯಾರು ಅಂತ ಕಾಣುತ್ತಿತ್ತು. ಅಮ್ಮನಿಗೆ ನೋಡುವುದೂ ಬೇಕಿರಲಿಲ್ಲ. ಮರದ ಮೆಟ್ಟಿಲ ಸದ್ದಿನಲ್ಲೇ ಅಪ್ಪ ಬಂದರು, ದುಕಾನಿನ ಹುಡುಗ ಬಂದ ಅಂತ ಹೇಳುತ್ತಿದ್ದಳು. ಈ ಎರಡೂ ನಿನ್ನ ಕೈಯಲ್ಲಿರುವ ಒಳ್ಳೇ ಸಾಮಾನು. ಆದರೆ ನೀನು ಮೆಟ್ಟಿಲಿಗೆ ಕಾಂಕ್ರೀಟ್ ಹಾಕಿದ್ದೀಯ! ಮರ ಹಾಕು. ಮರದ ಸದ್ದು ಬೇರೆ, ಕಲ್ಲಿನ ಸದ್ದು ಬೇರೆ. ಕಣ್ಣಿಗೆ ಕಾಣದವನು ಎಲ್ಲಿದ್ದಾನೆ ಅಂತ ಕಿವಿಗೆ ಗೊತ್ತಾಗಬೇಕು. ಓಡಿದರೆ ಸದ್ದು, ನಡೆದರೆ ನಿಧಾನ. ಯಾವುದು ಬೇಕು ಅಂತ ಆಡುವವನೇ ತೀರ್ಮಾನ ಮಾಡಲಿ.

ಆ ತುದಿಯಿಂದ ಈ ತುದಿಗೆ ಕಾಣುವ ನೋಟವನ್ನು ಪೂರ್ತಿ ಮುಚ್ಚಬೇಡ, ದೂರದಿಂದ ಗುರಿ ಇಟ್ಟು ಹೊಡೆಯುವ ಸ್ನೈಪರ್‌ಗೂ ಒಂದು ಜಾಗ ಬೇಕು. ನಡುನಡುವೆ ಮರೆ ಕೊಡು ಸಾಕು. ಖೋಲಿಗಳ ಹೊರಗೆ ನೀರಿನ ಡ್ರಮ್, ಹಳೇ ಕಪಾಟು ಇದ್ದೇ ಇರುತ್ತವೆ. ಒಂದು ಮರೆಯಿಂದ ಇನ್ನೊಂದಕ್ಕೆ ಓಡುವಾಗ ಒಂದೂವರೆ ಸೆಕೆಂಡ್ ಬಯಲಲ್ಲಿ ಇರುವಂತೆ ಜೋಡಿಸು. ಮೂರು ನಾಲ್ಕನೇ ಖೋಲಿಯ ನಡುವಿನ ಗೋಡೆ ಒಡೆದು ಒಳಗಿಂದ ನುಸುಳಿ ಹೋಗುವಷ್ಟು ಕಿಂಡಿ ಮಾಡಿದರೆ ಇನ್ನೂ ಒಳ್ಳೇದು. ಸ್ನೈಪರ್ ಎದುರು ಹೋಗಲು ಧೈರ್ಯ ಇಲ್ಲದವನು ಆ ಕಡೆಯಿಂದ ಸುತ್ತಿ ಬರುತ್ತಾನೆ.

ಗ್ಯಾಲರಿ ಅಂಚಿನ ಕಟಾಂಜನದ (ಕಂಬಿಗಳ ತಡೆ) ಬದಲು ನೀನು ಗಟ್ಟಿ ಗೋಡೆ ಎಬ್ಬಿಸಿದ್ದೀಯ. ಅದೇ ದೊಡ್ಡ ತೊಂದರೆ. ನಿಂತವನ ಎತ್ತರ 72 ಯೂನಿಟ್. ನಿನ್ನ ಗೋಡೆ 56. ಅಂದರೆ ಮೇಲೆ ನಿಂತವನ ತಲೆ ಮಾತ್ರ ಕಾಣುತ್ತದೆ, ಅವನಿಗೆ ಅಂಗಳದಲ್ಲಿರುವವನ ಇಡೀ ಮೈ ಕಾಣುತ್ತದೆ. ನಿಜವಾದ ಚಾಳುಗಳಲ್ಲಿ ಅಲ್ಲಿ ಮರದ ಕಂಬಿಗಳಿರುತ್ತವೆ ಅಲ್ವಾ, ನಡುವೆ ಸಂದು ಬಿಟ್ಟು? ಅದನ್ನೇ ಹಾಕು. ಕಾಲು ಕಾಣಲಿ, ಗುಂಡು ದಾಟಲಿ. ಎತ್ತರದ ಲಾಭ ಅವನಿಗಿದ್ದೇ ಇದೆ, ಮರೆಯ ಲಾಭವನ್ನೂ ಕೊಡಬೇಡ.

ಹಗ್ಗದ ಮೇಲೆ ಒಣಹಾಕಿದ ಸೀರೆ ನೋಡಿ ನನಗೆ ನಮ್ಮ ಮನೆಯೇ ನೆನಪಾಯಿತು. ಆದರೂ ಹೇಳಲೇಬೇಕು, ಮುಕ್ಕಾಲು ಪಾಲು ತೆಗಿ. ಕೆಂಪು, ಹಸಿರು, ಹೂವಿನ ಸೀರೆಗಳ ಮುಂದೆ ಮನುಷ್ಯ ನಿಂತರೆ ಗೊತ್ತೇ ಆಗುವುದಿಲ್ಲ. ಹೊಡೆತ ಎಲ್ಲಿಂದ ಬಂತು ಅಂತ ತಿಳಿಯದೆ ಸತ್ತವನಿಗೆ ಬೇಜಾರಾಗುವಷ್ಟು ಬೇರೆ ಯಾವುದಕ್ಕೂ ಆಗಲ್ಲ. ಜನ ನಿಲ್ಲುವ ಜಾಗದ ಹಿಂದೆ ಸಾದಾ ಸುಣ್ಣದ ಗೋಡೆ ಇರಲಿ, ಅಲಂಕಾರ ತಲೆಗಿಂತ ಮೇಲಿರಲಿ. 2007ರ ಟೀಮ್ ಫೋರ್ಟ್ರೆಸ್ 2 ಅನ್ನೋ ಆಟದಲ್ಲಿ ಕೆಂಪು ತಂಡದ ಕಡೆ ಮರದ ಕಟ್ಟಡ, ನೀಲಿ ತಂಡದ ಕಡೆ ಕಾಂಕ್ರೀಟು, ಕಬ್ಬಿಣ. ಬಣ್ಣ ನೋಡಿದ ಕೂಡಲೇ ಯಾರ ಮನೆಯೊಳಗೆ ಇದ್ದೇವೆ ಅಂತ ಗೊತ್ತಾಗುತ್ತದೆ. ಬಣ್ಣ ಬಳಸುವುದಾದರೆ ಹಾಗೆ ಬಳಸು.

ಮೂರು ಸೈಟ್ ಇಡಬಹುದಾ ಅಂತ ನಿನ್ನ ಪೋಸ್ಟ್ ಕೆಳಗೆ ಒಬ್ಬರು ಕೇಳಿದ್ದಾರೆ. ಇಡಬಹುದು. ವ್ಯಾಲೊರಂಟ್ ಆಟದ ಹೇವನ್ ಮ್ಯಾಪಿನಲ್ಲಿ ಮೂರಿದೆ, ಪಶ್ಚಿಮ ಘಟ್ಟದ ಕಾಡಿನ ನಡುವೆ ಇಟ್ಟಿರುವ ಲೋಟಸ್‌ನಲ್ಲೂ ಮೂರಿದೆ. 5 ಜನ ಮೂರು ಕಡೆ ಇಬ್ಬಿಬ್ಬರು ನಿಲ್ಲಲು ಆಗುವುದಿಲ್ಲ, ಎಲ್ಲೋ ಒಂದು ಕಡೆ ಒಬ್ಬನೇ ಇರುತ್ತಾನೆ. ಹಾಗಾಗಿ ಕಾಯುವವರು ಬೇಗ ಒಂದೆಡೆ ಸೇರಲು ದಾರಿ ಕೊಡಬೇಕು. ಮೊದಲ ಮ್ಯಾಪಿಗೆ ಅಷ್ಟು ಭಾರ ಬೇಡ ಅನ್ನೋದು ನನ್ನ ಅಭಿಪ್ರಾಯ.

ಪುಣೆಯ ಅಕ್ಕ ಇದೇ ಚಾಳನ್ನು ಬಿಜಿಎಂಐ ಅನ್ನೋ ಮೊಬೈಲ್ ಆಟದ ವೇರ್‌ಹೌಸ್ ಮ್ಯಾಪ್ ಥರ, 4 ಜನರ ತಂಡ, ಮೊದಲು 40 ಸಲ ಎದುರಾಳಿಯನ್ನು ಹೊಡೆದವರು ಗೆಲ್ಲುವ ಆಟಕ್ಕೆ ಕೇಳಿದ್ದಾರೆ. ಅಕ್ಕಾ, ಅದಕ್ಕೆ ಇದು ಹೊಂದುವುದಿಲ್ಲ. ಸತ್ತವರು ಮತ್ತೆ ಹುಟ್ಟಿ ಬರುವ ಆಟದಲ್ಲಿ ಹುಟ್ಟುವ ಜಾಗದಿಂದ ಜಗಳದ ಜಾಗಕ್ಕೆ ಇರುವ ದೂರವೇ ಮುಖ್ಯ. ಓವರ್‌ವಾಚ್ ಆಟದಲ್ಲಿ ಎರಡು ಪಾಯಿಂಟ್ ಹಿಡಿಯಬೇಕಾದ ಅಸಾಲ್ಟ್ ಬಗೆಯ ಮ್ಯಾಪುಗಳಲ್ಲಿ ಎರಡನೇ ಪಾಯಿಂಟಿಗೆ ಕಾಯುವವರು ತೀರಾ ಹತ್ತಿರದಲ್ಲೇ ಹುಟ್ಟುತ್ತಿದ್ದರು. ಒಬ್ಬನನ್ನು ಹೊಡೆಯುವಷ್ಟರಲ್ಲಿ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. 2022ರಲ್ಲಿ ಓವರ್‌ವಾಚ್ 2 ಬಂದಾಗ ಆ ಬಗೆಯನ್ನು ಮುಖ್ಯ ಆಟದಿಂದಲೇ ತೆಗೆದರು. ಒಂದೇ ಮೆಟ್ಟಿಲಿನ ಚಾಳಿನಲ್ಲೂ ಹಾಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬೇರೆ ಮ್ಯಾಪೇ ಮಾಡೋಣ.

ತಮ್ಮಾ, ಇನ್ನೊಂದು ಮಾತು. ಪ್ರತಿ ಮೂಲೆಗೂ ಕೂಗಲು ಬರುವ ಒಂದು ಹೆಸರು ಬೇಕು. ‘ಎಡಗಡೆ ಎರಡನೇ ಬಾಗಿಲ ಪಕ್ಕ’ ಅನ್ನುವಷ್ಟರಲ್ಲಿ ಆಟ ಮುಗಿದಿರುತ್ತದೆ. ಅಂಗಳದಲ್ಲಿ ಒಂದೇ ನಲ್ಲಿ, ಒಂದೇ ತುಳಸಿಕಟ್ಟೆ, ಮೂಲೆಯಲ್ಲಿ ಒಂದೇ ಸ್ಕೂಟರ್ ಇಡು. ‘ನಲ್ಲಿ ಇಬ್ಬರು!’ ‘ತುಳಸಿ ಒಬ್ಬ!’ ಇಷ್ಟು ಸಾಕು. ಈಗ ನೀನು ಮೂರು ಕಡೆ ನಲ್ಲಿ ಇಟ್ಟಿದ್ದೀಯ.

ಬಣ್ಣ, ಸೀರೆ ಯಾವುದೂ ಇಲ್ಲದ ಬೂದು ಗೋಡೆಯ ಫೈಲನ್ನೇ ಕಳಿಸು. ಶನಿವಾರ ರಾತ್ರಿ ಇಲ್ಲಿ ನಾವು 10 ಜನ ಸೇರುತ್ತೇವೆ. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಯಾರು ಎಲ್ಲಿ ಸತ್ತರೋ ಅಲ್ಲಿ ಕೆಂಪು ಚುಕ್ಕೆ, ಎಲ್ಲಿಂದ ಹೊಡೆದರೋ ಅಲ್ಲಿ ನೀಲಿ ಚುಕ್ಕೆ. ಭಾನುವಾರ ಬೆಳಿಗ್ಗೆ ಆ ಹಾಳೆಯ ಫೋಟೋ ಇಲ್ಲೇ ಹಾಕುತ್ತೇನೆ.